ನೀರಿಗೆ ಹೋದ ಜಾಕಪ್ಪ

ಮೊನ್ನೆ ಮಗಳು ತುಮಕೂರಿನಿಂದ ಬರುವಾಗ ನನಗೊಂದು ಸ್ವೆಟರ್ ತಂದಳು. ನಮ್ಮ ಮಧುಗಿರಿಯಲ್ಲಿ ಬೆಟ್ಟದ ಬಂಡೆ ಹಗಲೆಲ್ಲ ಕಾದು ರಾತ್ರಿಯೆಲ್ಲ ಆ ಕಾವನ್ನು ಊರಿಗೆ ಹಂಚುತ್ತದೆ. ಇಲ್ಲಿ ಸ್ವೆಟರ್ ಹಾಕುವವರು ಒಂದೋ ಶೋಕಿಯವರು, ಇಲ್ಲವೋ ನನ್ನ ವಯಸ್ಸಿನವರು. ಶೋಕಿಯ ಕಾಲ ಮುಗಿದಿರುವುದರಿಂದ ಮಾತಾಡದೆ ತೆಗೆದುಕೊಂಡೆ. ಕತ್ತಿನ ಹಿಂದೆ ಪುಟ್ಟದೊಂದು ಪಟ್ಟಿ ಹೊಲಿದಿದ್ದರು. ಕನ್ನಡಕ ಏರಿಸಿ ಓದಿದೆ. ಆಸ್ಟ್ರೇಲಿಯಾದ ಶುದ್ಧ ಉಣ್ಣೆ. ತಣ್ಣೀರಿನಲ್ಲಿ ಮಾತ್ರ ಒಗೆಯಿರಿ ಎಂದಿತ್ತು. ಓದಿದವನೇ ಸ್ವೆಟರನ್ನು ಮೂಗಿಗೆ ಹಿಡಿದೆ.

“ಏನಪ್ಪಾ ಇದು, ಹೊಸದು ತಂದಿದೀನಿ, ಮೂಸಿ ನೋಡ್ತಿದೀಯಲ್ಲ!” ಎಂದಳು ಮಗಳು.

ಮೂಸದೆ ಏನು ಮಾಡಲಿ ಹೇಳಿ. ಕುರಿಯ ಮೈಯಿಂದ ಆಗಷ್ಟೇ ಇಳಿಸಿದ ಉಣ್ಣೆಗೆ ಒಂದು ವಾಸನೆಯಿದೆ. ಜಿಡ್ಡು, ಬೆವರು, ಜಾಲಿಕಾಯಿ, ಗಂಜಲ ಎಲ್ಲ ಕಲಸಿದ ವಾಸನೆ. ನಾನು ಬುಕ್ಕಾಪಟ್ಟಣದಲ್ಲಿ ಇದ್ದಷ್ಟು ವರ್ಷ ನನ್ನ ಅಂಗಿಗೂ ಹಾಸಿಗೆಗೂ ಊಟದ ಡಬ್ಬಿಗೂ ಅದೇ ವಾಸನೆ. ಈ ಸ್ವೆಟರಿನಲ್ಲಿ ಅದರ ಸುಳಿವೇ ಇರಲಿಲ್ಲ.

ಅದೇ ಸಂಜೆ ಬುಕ್ಕಾಪಟ್ಟಣದ ಕಡೆಯಿಂದ ಫೋನು ಬಂತು. ಕೆಂಚಪ್ಪಣ್ಣನ ಮೊಮ್ಮಗ. “ಡಾಕ್ಟ್ರೇ, ಸೋಮವಾರ ಜಾಕಪ್ಪನ ಪೂಜೆ. ಈ ಸಲನಾದ್ರೂ ಬರ್ಬೇಕು” ಎಂದ. ಪ್ರತಿ ವರ್ಷ ಅವನು ಕರೆಯುತ್ತಾನೆ, ಪ್ರತಿ ವರ್ಷ ನಾನು “ನೋಡೋಣಪ್ಪ” ಅನ್ನುತ್ತೇನೆ. ಮೊಣಕಾಲು, ಬಸ್ಸು, ಬಿಸಿಲು ಅಂತ ನನ್ನ ಹತ್ತಿರ ನೆಪಗಳಿಗೆ ಬರವಿಲ್ಲ. ಈ ಸಲವೂ “ನೋಡೋಣ” ಅಂದೆ.

ಜಾಕಪ್ಪ ಅಂದರೆ ಒಬ್ಬ ಆಸ್ಟ್ರೇಲಿಯಾದವನು. ಕಾಲ್ದಳದ ಸಿಪಾಯಿ. ಎರಡನೇ ಮಹಾಯುದ್ಧದಲ್ಲಿ ಸಿಂಗಾಪುರದಲ್ಲಿ ಸತ್ತವನು. ಅವನಿಗೆ ಸಿರಾ ತಾಲ್ಲೂಕಿನ ಒಂದು ಕುರುಬರ ಹಟ್ಟಿಯಲ್ಲಿ ವರ್ಷಕ್ಕೊಮ್ಮೆ ಎಡೆ ಇಡುತ್ತಾರೆ. ಎಲ್ಲಿಯ ಸಿಂಗಾಪುರ, ಎಲ್ಲಿಯ ಬುಕ್ಕಾಪಟ್ಟಣ ಅನ್ನುತ್ತೀರಿ. ಹೇಳುತ್ತೇನೆ, ಆದರೆ ಮೊದಲು ನನ್ನ ಪುರಾಣ ಸ್ವಲ್ಪ ಕೇಳಬೇಕು. ಮುದುಕರ ಹತ್ತಿರ ಕಥೆ ಕೇಳುವವರು ಕಟ್ಟಲೇಬೇಕಾದ ಸುಂಕ ಅದು.

ನಮ್ಮದು ಮಧುಗಿರಿಯಲ್ಲಿ ತಲೆಮಾರುಗಳಿಂದ ಬಟ್ಟೆ ಅಂಗಡಿ ಇಟ್ಟ ಲಿಂಗವಂತರ ಮನೆ. ಬೆಳಗ್ಗೆ ವಿಭೂತಿ, ಲಿಂಗಪೂಜೆ, ಆಮೇಲೆ ಗಜಕಡ್ಡಿ. ಅಂಥ ಮನೆಯಲ್ಲಿ ಹುಟ್ಟಿದ ನನಗೆ ಸರ್ಕಾರ ಕೊಟ್ಟ ಕೆಲಸ ಪಶು ಆಸ್ಪತ್ರೆಯಲ್ಲಿ. ಡಾಕ್ಟರಲ್ಲ, ಡಾಕ್ಟರ ಕೈಕೆಳಗಿನವನು. ಕುರಿಗೆ ಜಂತಿನ ಔಷಧಿ ಕುಡಿಸುವುದು, ಗಾಯಕ್ಕೆ ಮುಲಾಮು ಹಚ್ಚುವುದು ಇಷ್ಟೇ. ಆದರೆ ಬುಕ್ಕಾಪಟ್ಟಣದಲ್ಲಿ ಪ್ಯಾಂಟು ಹಾಕಿಕೊಂಡು ಕುರಿಯ ಬಾಯಿ ಅಗಲಿಸಿದವನೆಲ್ಲ ಡಾಕ್ಟ್ರೇ. ನಾನೂ ತಿದ್ದಲು ಹೋಗಲಿಲ್ಲ. ನಮ್ಮಮ್ಮ ಮಾತ್ರ, “ಕುರಿ ಡಾಕ್ಟ್ರಂತೆ! ಇವನಿಗೆ ಯಾವ ಮನೆಯವರು ಹೆಣ್ಣು ಕೊಡ್ತಾರೋ ಶಿವನೇ” ಎಂದು ಹಣೆ ಚಚ್ಚಿಕೊಂಡಳು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದಾಗ ಇಲಾಖೆಗೆ ಒಂದು ಉತ್ಸಾಹ ಬಂತು. ನಮ್ಮ ಕಡೆಯ ಕುರಿ ಕಪ್ಪು, ಉಣ್ಣೆ ಒರಟು. ಅದಕ್ಕೆ ಪರದೇಶದ ತಳಿ ಕೂಡಿಸಿದರೆ ಬಿಳಿ ಉಣ್ಣೆ, ನಯವಾದ ಉಣ್ಣೆ, ಹಟ್ಟಿಗೆ ಹಟ್ಟಿಯೇ ಉದ್ಧಾರ! ಹಾಗಂತ ಒಂದು ದಿನ ಲಾರಿಯಲ್ಲಿ ಆಸ್ಟ್ರೇಲಿಯಾ ತಳಿಯ ಟಗರು ಬಂದಿಳಿಯಿತು. ಅದರ ರೂಪವನ್ನು ಏನು ಹೇಳಲಿ. ಕಣ್ಣು ಮುಚ್ಚುವಷ್ಟು ಉಣ್ಣೆ, ಕತ್ತಿನಲ್ಲಿ ಮಡಿಕೆ ಮಡಿಕೆ ಚರ್ಮ, ನಮ್ಮ ಬಿಸಿಲಿಗೆ ನಾಲಿಗೆ ಹೊರಗೆ. ಹಟ್ಟಿಯಲ್ಲಿ ಯಾರಾದರೂ ಅದನ್ನು ತಮ್ಮ ಮಂದೆಯಲ್ಲಿ ಇಟ್ಟುಕೊಳ್ಳಬೇಕಿತ್ತು. ನಾನು ಬಿಳಿ ಉಣ್ಣೆಯ ಲಾಭದ ಬಗ್ಗೆ ಒಂದು ಭಾಷಣವನ್ನೇ ಮಾಡಿದೆ.

“ಬಿಳೀ ಕಂಬ್ಳಿ ನೇದು ಯಾರಿಗೆ ಒದಿಸಾನ, ನಿಮ್ಗಾ?” ಎಂದಳು ಮುಂದೆ ಕೂತಿದ್ದ ಒಬ್ಬಳು. ಎಲ್ಲರೂ ನಕ್ಕರು. ಆಕೆಯ ಹೆಸರು ಲಕ್ಕಮ್ಮ ಅಂತ ಆಮೇಲೆ ಗೊತ್ತಾಯಿತು.

ಅಷ್ಟರಲ್ಲಿ ಹಿಂದಿನಿಂದ ಒಬ್ಬ ಮುದುಕ ಕುಂಟುತ್ತ ಎದ್ದು ಬಂದ. “ಎಲ್ಲಿಂದ ಬಂತು ಅಂದ್ರಿ?”

“ಆಸ್ಟ್ರೇಲಿಯಾ ತಳಿ ಕಣಣ್ಣ.”

ಅವನು ಟಗರಿನ ಮುಖದ ಉಣ್ಣೆ ಸರಿಸಿ ಅದರ ಕಣ್ಣನ್ನೇ ನೋಡುತ್ತ ನಿಂತ. ಆಮೇಲೆ, “ನಮ್ಮನೇಲಿರ್ಲಿ ಬುಡ್ರಿ” ಎಂದು ಹಗ್ಗ ಹಿಡಿದು ಹೊರಟೇಬಿಟ್ಟ. ನನ್ನ ಭಾಷಣ ಫಲಿಸಿತು ಎಂದು ಬೀಗಿದೆ. ಆ ಮುದುಕ ಲಕ್ಕಮ್ಮನ ಗಂಡ ಕೆಂಚಪ್ಪ. ಭಾಷಣದ ಒಂದಕ್ಷರವನ್ನೂ ಅವನು ಕೇಳಿಸಿಕೊಂಡಿರಲಿಲ್ಲ.

ಟಗರನ್ನು ನೋಡುವ ನೆಪದಲ್ಲಿ ನಾನು ಅವರ ಮನೆಗೆ ಹೋಗಿ ಬರುವುದು ರೂಢಿಯಾಯಿತು. ಕೆಂಚಪ್ಪಣ್ಣನಲ್ಲಿ ಎರಡು ವಿಚಿತ್ರ ಕಂಡೆ. ಒಂದು, ಅವನು ಉಣ್ಣೆ ಕತ್ತರಿಸುವ ರೀತಿ. ಹಟ್ಟಿಯಲ್ಲಿ ಎಲ್ಲರೂ ಕುರಿಯ ಕಾಲು ಕಟ್ಟಿ, ಮಗ್ಗುಲಾಗಿ ಮಲಗಿಸಿ ಕತ್ತರಿ ಹಾಕುತ್ತಾರೆ. ಇವನು ಕಾಲು ಕಟ್ಟುತ್ತಿರಲಿಲ್ಲ. ಕುರಿಯನ್ನು ಕುಂಡೆಯ ಮೇಲೆ ಕೂರಿಸಿ, ಬೆನ್ನನ್ನು ತನ್ನ ಎರಡು ಮೊಣಕಾಲಿಗೆ ಆನಿಸಿಕೊಂಡು, ಹೊಟ್ಟೆಯಿಂದ ಶುರುಮಾಡುತ್ತಿದ್ದ. ಕುರಿ ಒದೆಯದೆ, ಕ್ಷೌರಕ್ಕೆ ಕೂತ ಯಜಮಾನರ ಹಾಗೆ ಸುಮ್ಮನೆ ಕೂತಿರುತ್ತಿತ್ತು. ಹಟ್ಟಿಯವರು “ಕೆಂಚಪ್ಪನ ಚೌರದಂಗ್ಡಿ” ಎಂದು ನಗುತ್ತಿದ್ದರು. ಎರಡನೆಯದು, ನೀರು ಕುಡಿಯುವಾಗ ಮೊದಲ ಗುಟುಕನ್ನು ನೆಲಕ್ಕೆ ಚೆಲ್ಲಿ ಆಮೇಲೆ ಕುಡಿಯುತ್ತಿದ್ದ. ಅದೂ ಆ ಊರಲ್ಲಿ! ಒಂದು ಬಿಂದಿಗೆ ನೀರಿಗೆ ಹೆಂಗಸರು ಹೊಲ ದಾಟಿ ಹೋಗಬೇಕಿತ್ತು.

“ಯಾರಿಗೆ ಕಣಣ್ಣ ಅದು?” ಎಂದು ಕೇಳಿಯೇಬಿಟ್ಟೆ.

ಉತ್ತರ ಕೊಟ್ಟವಳು ಲಕ್ಕಮ್ಮ. “ಇನ್ಯಾರ್ಗೆ, ಅವ್ನ ಜಾಕಪ್ಪಂಗೆ. ನನ್ನ ಕಟ್ಕಂಡಿದ್ದು ಎಸ್ರಿಗೆ ಕಣಪ್ಪ, ಸಂಸಾರವೆಲ್ಲ ಆ ಟೋಪಿಯೋನ ಜೊತೆಗೇ. ನೀರು ಒತ್ತು ಒತ್ತು ನನ್ನ ನಡು ಬಿದ್ದೋತು, ಇವ್ನು ಸತ್ತೋನಿಗೆ ಪಾಲು ಹಾಕ್ತಾ ಕುಂತವ್ನೆ.” ಹಾಗೆ ಬೈಯುತ್ತಲೇ ಗಂಡನ ಚೊಂಬಿಗೆ ಚೆಲ್ಲಿದಷ್ಟು ನೀರನ್ನು ಮತ್ತೆ ಹಾಕಿ ಒಳಗೆ ಹೋದಳು.

ಆವತ್ತು ಕೆಂಚಪ್ಪಣ್ಣ ಕಥೆ ಹೇಳಿದ. ಚಿಕ್ಕಂದಿನಲ್ಲಿ ಅಣ್ಣನ ಜೊತೆ ಜಗಳವಾಡಿ ಮೈಸೂರಿಗೆ ಓಡಿಹೋಗಿ ಮಹಾರಾಜರ ಸೈನ್ಯಕ್ಕೆ ಸೇರಿದ್ದ. ಮಹಾರಾಜರ ಸೈನ್ಯ ಅಂದರೆ ದಸರಾಕ್ಕೆ ಮೆರವಣಿಗೆ ಹೋಗುವುದು ಅಂದುಕೊಂಡಿದ್ದನಂತೆ. ಹಡಗು ಹತ್ತಿಸಿ ಸಿಂಗಾಪುರಕ್ಕೆ ಕಳಿಸಿದರು. ಜಪಾನಿನವರು ನುಗ್ಗಿದ ಕೊನೆಯ ದಿನಗಳಲ್ಲಿ ಯಾರ ದಳ ಯಾವುದು ಅಂತಲೇ ಇರಲಿಲ್ಲ. ಕಾಲಿಗೆ ಗುಂಡಿನ ಚೂರು ಹೊಕ್ಕು, ತನ್ನವರಿಂದ ಬೇರೆಯಾಗಿ, ಒಂದು ರಬ್ಬರ್ ತೋಟದ ಚರಂಡಿಗೆ ಬಿದ್ದ. ಅಲ್ಲಿ ಆಗಲೇ ಒಬ್ಬ ಕೂತಿದ್ದ. ಕೆಂಪಗೆ, ಉದ್ದಕ್ಕೆ, ತಲೆಯ ಮೇಲೆ ಒಂದು ಪಕ್ಕ ಅಂಚು ಮಡಚಿದ ಟೋಪಿ. ಅವನೇ ಜಾಕ್.

“ಅವ್ನ ಮಾತು ನಂಗೆ ಬರಾಕಿಲ್ಲ, ನಂದು ಅವ್ನಿಗೆ ಬರಾಕಿಲ್ಲ. ಮ್ಯಾಲೆ ಬಾಂಬು. ಇಬ್ರೂ ಮುಖ ಮುಖ ನೋಡ್ಕಂಡು ಕುಂತ್ಕಂಡ್ವಿ. ಆಮ್ಯಾಕೆ ಜೇಬಿಂದ ಒಂದು ಪಟ ತೆಗ್ದ. ಅವ್ರಪ್ಪ ನಿಂತವ್ನೆ, ಹಿಂದುಕ್ಕೆ ಕುರಿ ಡಾಕ್ಟ್ರೇ, ಕುರಿ! ಕಣ್ಣು ಹೋದಷ್ಟು ದೂರ ಕುರಿ. ನಾನು ಎದೆ ಮುಟ್ಕಂಡು ‘ಬ್ಯಾ’ ಅಂದೆ.”

“ಹಾಂ?”

“ನಾನೂ ಕುರಿಯೋನೇ ಅಂತ ಇನ್ನೆಂಗೆ ಹೇಳಾನ? ಅವ್ನೂ ‘ಬ್ಯಾ’ ಅಂದ. ಇಬ್ರೂ ನಕ್ಕಿದ್ದೇ ನಕ್ಕಿದ್ದು.”

ನೋಡಿ, ಎರಡು ಸಾಮ್ರಾಜ್ಯಗಳು ಒಂದನ್ನೊಂದು ತಿನ್ನುತ್ತಿದ್ದಾಗ ಇವರಿಬ್ಬರು ಚರಂಡಿಯಲ್ಲಿ ಕೂತು ಕುರಿಯ ಹಾಗೆ ಅರಚುತ್ತಿದ್ದರು. ಯುದ್ಧದ ವಿಷಯ ಏನು ಕೇಳಿದರೂ ಕೆಂಚಪ್ಪಣ್ಣನಿಗೆ ಗೊತ್ತಿರಲಿಲ್ಲ. ಯಾರು ಯಾರ ಮೇಲೆ, ಯಾತಕ್ಕೆ, ಉಹುಂ. ಜಾಕಪ್ಪನ ಮನೆಯಲ್ಲಿ ಕುರಿ ಹೇಗೆ ಕತ್ತರಿಸುತ್ತಾರೆ ಎಂಬುದು ಮಾತ್ರ ಅಂಗೈ ಗೆರೆಯಷ್ಟು ಚೆನ್ನಾಗಿ ಗೊತ್ತಿತ್ತು. ಗುಂಡಿನ ಸದ್ದು ತುಸು ಇಳಿದಾಗ ಜಾಕಪ್ಪ ಇವನನ್ನೇ ಕುರಿ ಮಾಡಿ ಮೊಣಕಾಲಿನ ನಡುವೆ ಕೂರಿಸಿಕೊಂಡು, ಎರಡು ಬೆರಳನ್ನು ಕತ್ತರಿ ಮಾಡಿ, ಹೊಟ್ಟೆಯಿಂದ ಕತ್ತಿನವರೆಗೆ ತೋರಿಸಿಕೊಟ್ಟನಂತೆ. ಗಾಯದ ಕಾಲು ಅಲುಗದಂತೆ ಹಿಡಿದಿದ್ದನಂತೆ.

ಮಾರನೆಯ ದಿನ ಕೆಂಚಪ್ಪಣ್ಣನಿಗೆ ಜ್ವರ ಏರಿತು, ನಾಲಿಗೆ ಒಣಗಿತು. ಬಾಯಿಗೆ ಕೈಯಿಟ್ಟು ನೀರು ಅಂತ ಸನ್ನೆ ಮಾಡಿದ. ಇಬ್ಬರ ಬಾಟಲಿಯೂ ಬರಿದು. ತೋಟದ ಆಚೆ ಒಂದು ಮನೆ, ಮನೆಯ ಮುಂದೆ ಬಾವಿ ಕಾಣುತ್ತಿತ್ತು. ಜಾಕಪ್ಪ ಎರಡೂ ಬಾಟಲಿ ತೆಗೆದುಕೊಂಡು ಬಗ್ಗಿಕೊಂಡು ಹೋದ. ನೀರು ತುಂಬಿಕೊಂಡು ವಾಪಸು ಬರುವುದೂ ಕಂಡಿತು. ನಡುದಾರಿಯಲ್ಲಿ ಗುಂಡು ಬಿತ್ತು.

“ನೀರೆಲ್ಲ ಮಣ್ಣಿಗೋತು ಡಾಕ್ಟ್ರೇ. ನಾನು ನೋಡ್ತಾನೇ ಇದ್ದೆ, ಎದ್ದೋಗಾಕೆ ಕಾಲಿಲ್ಲ. ಆಮ್ಯಾಕೆ ಜಪಾನ್ನೋರು ಬಂದು ನನ್ನ ಹಿಡ್ಕಂಡೋದ್ರು. ಅವ್ನ ಮ್ಯಾಲೆ ಒಂದಿಡಿ ಮಣ್ಣು ಹಾಕಾಕೂ ಬುಡ್ಲಿಲ್ಲ.”

ಇಂಥದನ್ನು ಕೇಳಿ ಏನು ಹೇಳಬೇಕು ಅಂತ ನಮ್ಮ ಇಲಾಖೆಯ ತರಬೇತಿಯಲ್ಲಿ ಹೇಳಿಕೊಟ್ಟಿರಲಿಲ್ಲ. ನಾನು ಟಗರಿನ ಗೊರಸು ನೋಡುತ್ತ ಕೂತೆ.

ಹಟ್ಟಿಯ ಹೊರಗೆ ಬೇವಿನ ಮರದ ಕೆಳಗೆ ಒಂದು ಸಾಲು ಕಲ್ಲುಗಳಿವೆ. ಈರಗಾರರು ಅಂತಾರೆ. ಮಂದೆ ಕಾಯಲು ಹೋಗಿ ಚಿರತೆಯ ಬಾಯಿಗೋ ಕಳ್ಳರ ಕೊಡಲಿಗೋ ಸಿಕ್ಕಿ ಸತ್ತ ಹಿರಿಯರು. ಆ ಸಾಲಿನಲ್ಲಿ ಕಲ್ಲು ನಿಲ್ಲಿಸಿ ನೀರು ಬಿಟ್ಟರೆ ಸತ್ತವನ ದಾಹ ತೀರುತ್ತದೆ, ಇಲ್ಲದಿದ್ದರೆ ಬಾಯಾರಿಕೊಂಡು ಅಲೆಯುತ್ತಾನೆ ಎಂಬುದು ಅಲ್ಲಿಯ ನಂಬಿಕೆ. ಕೆಂಚಪ್ಪಣ್ಣ ಯುದ್ಧ ಮುಗಿದು ಸೆರೆಯಿಂದ ಊರಿಗೆ ಬಂದಾಗಿನಿಂದ ಜಾಕಪ್ಪನಿಗೆ ಅಲ್ಲೊಂದು ಜಾಗ ಕೇಳುತ್ತಿದ್ದ. ಕಲ್ಲನ್ನೂ ಕೆತ್ತಿಸಿಟ್ಟಿದ್ದ. ಪಾವಗಡದ ಕಡೆಯ ಕಲ್ಲುಕುಟಿಗ, “ಏಂದಯ್ಯಾ ಇದಿ! ಟೋಪಿ ಒಂದು ಪಕ್ಕ ಮುರ್ಕಂಡೈತೆ, ನೋಡ್ದೋರು ನಂಗೆ ಕಣ್ಣು ಕಾಣಲ್ಲ ಅಂತಾರೆ” ಎಂದು ತೆಲುಗು ಬೆರೆಸಿ ತಕರಾರು ಮಾಡಿ, ಅಂದಕ್ಕೆ ಅಂತ ಎರಡೂ ಪಕ್ಕ ಮಡಚಿಬಿಟ್ಟಿದ್ದ. ಹಾಗಾಗಿ ಜಾಕಪ್ಪ ಕಲ್ಲಿನಲ್ಲಿ ನಾಟಕದ ರಾಜನಂತಿದ್ದ. ಕಲ್ಲು ಹಿತ್ತಿಲಲ್ಲಿ ಮಕಾಡೆ ಬಿದ್ದಿತ್ತು. ಅದರ ಬೆನ್ನಿನ ಮೇಲೆ ಲಕ್ಕಮ್ಮ ಬಟ್ಟೆ ಒಗೆಯುತ್ತಿದ್ದಳು.

ಒಪ್ಪದಿದ್ದವನು ಹಟ್ಟಿಯ ಯಜಮಾನ ಬೀರಪ್ಪ. ನ್ಯಾಯ ನಾನೇ ಕಿವಿಯಾರೆ ಕೇಳಿದ್ದೇನೆ.

“ನಮ್ಮ ಮಂದೆ ಕಾಯಾಕೆ ಸತ್ತನೇನ್ಲಾ ಅವ್ನು?”

“ನನ್ನ ಕಾಯಾಕೆ ಸತ್ತ.”

“ನೀನೇನು ಮಂದೆಯೇನ್ಲಾ? ಹೋಗ್ಲಿ, ಅವ್ನ ಬೆಡಗು ಯಾವ್ದು?”

ಬೆಡಗು ಅಂದರೆ ಅವರ ಕುಲದೊಳಗಿನ ಗೋತ್ರದಂಥದು. ಅದು ಗೊತ್ತಿಲ್ಲದವನಿಗೆ ಹೆಣ್ಣೂ ಇಲ್ಲ, ಕಲ್ಲೂ ಇಲ್ಲ.

“ಬೆಡಗು ನಾನೇನು ಕಂಡೆ? ಅವ್ರಪ್ಪನ ಹಿಂದೆ ಅಷ್ಟು ಕುರಿ ಇದ್ವು. ಅಷ್ಟು ಕುರಿ ಇಟ್ಟೋನು ನಮ್ಮೋನಲ್ದೆ ಶ್ಯಾನುಭೋಗನೇನಣ್ಣ?”

ಯಜಮಾನ ಕಂಬಳಿ ಹೆಗಲಿಗೇರಿಸಿ ಎದ್ದುಹೋದ. ಹಟ್ಟಿಯಲ್ಲಿ ಅರ್ಧದಷ್ಟು ಜನ ಆಗಲೇ ಜಾಕಪ್ಪನನ್ನು ಕುರುಬ ಎಂದು ಒಪ್ಪಿಕೊಂಡಿದ್ದರು. ಕೆಂಪಗಿದ್ದದ್ದು ಬಿಸಿಲಿಗೆ ಅಂತ ತೀರ್ಮಾನವಾಗಿತ್ತು.

ಆ ಮಾಗಿಯಲ್ಲಿ ಕೆಂಚಪ್ಪಣ್ಣನ ಉಬ್ಬಸ ಹೆಚ್ಚಾಯಿತು. ನಾಲ್ಕು ಹೆಜ್ಜೆ ಇಟ್ಟರೆ ಕೂತುಬಿಡುತ್ತಿದ್ದ. ಒಂದು ದಿನ ಲಕ್ಕಮ್ಮ ತಾನೇ ಯಜಮಾನನ ಮನೆ ಬಾಗಿಲಿಗೆ ಹೋಗಿ ಕೂತಳು. “ನಾಳೆ ಇವ್ನು ಸತ್ರೆ ಆ ಟೋಪಿಯೋನಿಗೆ ನೀರು ಬುಡೋರು ಯಾರು? ಇಬ್ರೂ ಬಾಯಾರ್ಕಂಡು ನನ್ನ ಹಿತ್ಲಾಗೇ ತಿರುಗ್ತಾರೆ. ಒಬ್ಬನ್ ಜೊತೆ ಏಗಿದ್ದೇ ಸಾಕಾಗೈತೆ ಕಣಣ್ಣ, ಒಂದು ದಾರಿ ಮಾಡು” ಎಂದಳು. ಅಂದವಳು ಸೆರಗು ಬಾಯಿಗೊತ್ತಿಕೊಂಡು ಅತ್ತಳು.

ಯಜಮಾನ ಬಗ್ಗಿದ. ಅವನ ತೀರ್ಪು ಹೀಗಿತ್ತು. ಹಿರಿಯರ ಅಪ್ಪಣೆ ಕೇಳೋಣ. ಟಗರಿನ ಬೆನ್ನಿಗೆ ನೀರು ಬಿಡುವುದು, ಅದು ಮೈ ಕೊಡವಿದರೆ ಒಪ್ಪಿಗೆ. ಮೂರು ಸಲ ಕೇಳಬಹುದು, ಆಮೇಲೆ ಕೇಳುವ ಹಾಗಿಲ್ಲ. ಯಾವ ಟಗರು? “ಅವ್ನ ಸೀಮೆ ಜೀವ ಒಂದು ಐತಲ್ಲ, ಅದ್ನೇ ಕೇಳಾನ.” ಹೀಗೆ ಒಬ್ಬ ಆಸ್ಟ್ರೇಲಿಯಾದವನ ಪರಲೋಕದ ಪ್ರಶ್ನೆ ನಮ್ಮ ಇಲಾಖೆಯ ಟಗರಿನ ಪಾಲಿಗೆ ಬಂತು.

ಬೆಳಗಿನ ಚಳಿಯಲ್ಲಿ ಬೇವಿನ ಮರದ ಕೆಳಗೆ ಹಟ್ಟಿಯೆಲ್ಲ ಸೇರಿತ್ತು. ಹಗ್ಗ ಹಿಡಿದವನು ನಾನೇ, ಸರ್ಕಾರದ ಆಸ್ತಿಯ ಕಾವಲಿಗೆ. ಯಜಮಾನ ಟಗರಿಗೆ ಅರಿಸಿನ ಕುಂಕುಮ ಹಚ್ಚಿ, ಚೊಂಬಿನಿಂದ ಬೆನ್ನಿಗೆ ನೀರು ಬಿಟ್ಟ. ಟಗರು ಮೆಲುಕು ಹಾಕುತ್ತ ನಿಂತಿತ್ತು. ಏನೂ ಇಲ್ಲ. ಎರಡನೇ ಸಲ ಬಿಟ್ಟ. ನೀರು ಆ ಜಿಡ್ಡು ಉಣ್ಣೆಯ ಮೇಲೆ ಮಣಿಮಣಿಯಾಗಿ ಉರುಳಿ ನೆಲಕ್ಕೆ ಬಿತ್ತು. ಟಗರಿಗೆ ಗೊತ್ತೇ ಆಗಲಿಲ್ಲ.

“ಯಜಮಾನ್ರೇ, ಉಣ್ಣೆ ದಪ್ಪ. ಚರ್ಮಕ್ಕೆ ನೀರು ಮುಟ್ತಿಲ್ಲ” ಎಂದೆ.

“ಸರ್ಕಾರದೋರು ಸುಮ್ಕಿರ್ರಿ” ಎಂದ ಯಜಮಾನ.

ಕೆಂಚಪ್ಪಣ್ಣನ ಮುಖ ನೋಡಲಾಗಲಿಲ್ಲ. ನೆಲಕ್ಕೆ ಬಿದ್ದ ನೀರನ್ನೇ ನೋಡುತ್ತಿದ್ದ. ಆಮೇಲೆ ಲಕ್ಕಮ್ಮನ ಕಡೆ ಕೈ ಚಾಚಿ, “ಕತ್ತರಿ ತತ್ತಾ” ಎಂದ.

“ಏಯ್, ಇದು ಮೋಸ ಕಣ್ಲಾ ಕೆಂಚ!” ಎಂದ ಯಜಮಾನ.

“ದಪ್ಪ ಕಂಬ್ಳಿ ಒದ್ಕಂಡು ಮಲಗಿರೋನ್ನ ಕೂಗಿದ್ರೆ ಕೇಳ್ಸತ್ತೇನಣ್ಣ? ಕಂಬ್ಳಿ ತೆಗ್ದು ಎಬ್ಬಸ್ತೀನಿ. ಆಮ್ಯಾಕೂ ಒಪ್ದೆ ಇದ್ರೆ ಅವ್ನಿಷ್ಟ” ಎಂದು ನನ್ನ ಮುಖ ನೋಡಿದ.

ಆ ಉಣ್ಣೆ ಸರ್ಕಾರದ್ದು. ಕತ್ತರಿಸಲು ಮೇಲಿನವರ ಅನುಮತಿ ಬೇಕು. ಮಾಗಿಯಲ್ಲಿ ಕತ್ತರಿಸಿದರೆ ಟಗರಿಗೆ ನೆಗಡಿ ಹಿಡಿದು ನನ್ನ ಕೆಲಸಕ್ಕೆ ಸಂಚಕಾರ. ಇದೆಲ್ಲ ತಲೆಯಲ್ಲಿ ಸಾಲಾಗಿ ಹಾದುಹೋಯಿತು. ಹಗ್ಗ ಬಿಟ್ಟುಕೊಟ್ಟೆ.

ಏದುಸಿರು ಬಿಡುತ್ತಲೇ ಆ ಮುದುಕ ಅಷ್ಟು ದೊಡ್ಡ ಟಗರನ್ನು ಕುಂಡೆಯ ಮೇಲೆ ಕೂರಿಸಿ ಮೊಣಕಾಲಿಗೆ ಆನಿಸಿಕೊಂಡ. ಹೊಟ್ಟೆಯಿಂದ ಶುರು, ಆಮೇಲೆ ಪಕ್ಕೆ, ಕತ್ತಿನ ಮಡಿಕೆ, ಬೆನ್ನು. ನಡುನಡುವೆ ಉಸಿರಿಗೆ ನಿಲ್ಲುವನು, ಮತ್ತೆ ಕತ್ತರಿ ಆಡಿಸುವನು. ಈ ಸಲ ಯಾರೂ ಚೌರದಂಗಡಿ ಅನ್ನಲಿಲ್ಲ. ಉಣ್ಣೆ ಒಂದೇ ಹೊದಿಕೆಯ ಹಾಗೆ ಬಿಚ್ಚಿಕೊಂಡು ಬಂತು. ಹೊರಗೆ ಕೊಳೆ, ಒಳಗೆ ಹಾಲಿನ ಬಿಳುಪು. ಜಾಕಪ್ಪನ ಕೈ ನೋಡಬೇಕೆಂದರೆ ಅಲ್ಲೇ ಇತ್ತು, ಕೆಂಚಪ್ಪಣ್ಣನ ಕೈಯಲ್ಲಿ.

ಟಗರು ಎದ್ದು ನಿಂತಿತು, ಬತ್ತಲೆ, ಗುಲಾಬಿ ಬಣ್ಣ. ಕೆಂಚಪ್ಪಣ್ಣ ಯಜಮಾನನ ಕೈಯಿಂದ ಚೊಂಬು ತೆಗೆದುಕೊಂಡ.

“ನೀ ತಂದ ನೀರು ನಂಗೆ ಮುಟ್ಲಿಲ್ಲ ಕಣಪ್ಪ” ಎಂದ. “ನಾ ಕೊಡೋ ನೀರು ನಿಂಗೆ ಮುಟ್ಲಿ.”

ನೀರು ಬಿಟ್ಟ. ಟಗರು ಕಿವಿಯಿಂದ ಬಾಲದವರೆಗೆ ಮೈ ಕೊಡವಿದ ರಭಸಕ್ಕೆ ಯಜಮಾನನ ಮುಖ, ನನ್ನ ಅಂಗಿ, ಸಾಲಿನ ಈರಗಾರರ ಕಲ್ಲುಗಳು ಎಲ್ಲ ನೆನೆದವು. ಮಾಗಿಯ ಚಳಿಯಲ್ಲಿ ಬೋಳಿಸಿದ ಮೈಗೆ ತಣ್ಣೀರು ಬಿದ್ದರೆ ಟಗರೇನು, ಮಂತ್ರಿಗಳೂ ಕೊಡವುತ್ತಾರೆ. ನನಗೆ ಅದು ಚೆನ್ನಾಗಿ ಗೊತ್ತಿತ್ತು. ಆದರೂ ಎಲ್ಲರಿಗಿಂತ ಮೊದಲು “ಕೊಡವ್ತು! ಕೊಡವ್ತು!” ಎಂದು ಕೂಗಿದವನು ನಾನೇ.

ಆಮೇಲೆ ಬಂತು ನೋಡಿ ಪೇಚು. ಮೈ ಕೊಡವಿದ ಟಗರನ್ನು ಅಲ್ಲೇ ಕಡಿಯುವುದು ಪದ್ಧತಿ. ಯಾರೋ ಮಚ್ಚು ತಂದೇಬಿಟ್ಟರು. ಸರ್ಕಾರದ ಟಗರು ಕಣ್ರಪ್ಪಾ ಎಂದು ನಾನು ಅಡ್ಡ ನಿಂತೆ. ಸರ್ಕಾರಕ್ಕೆ ಅಲ್ಲಿ ಯಾರೂ ಸೊಪ್ಪು ಹಾಕಲಿಲ್ಲ.

ಕೆಂಚಪ್ಪಣ್ಣ ತನ್ನ ಹೆಗಲ ಕರಿ ಕಂಬಳಿ ತೆಗೆದು ಟಗರಿಗೆ ಹೊದಿಸಿದ. “ಅವ್ನ ಕಡೆಯಿಂದ ಬಂದಿರೋ ನೆಂಟ ಇದೊಂದೇ. ನೆಂಟನ್ನ ಕಡ್ದು ನೆಂಟಂಗೆ ಬಡಿಸ್ತೀರೇನ್ಲಾ? ನನ್ನ ಮಂದೇಲಿ ಬ್ಯಾರೇದು ಹಿಡ್ಕಳ್ರಿ” ಎಂದ. ಹಾಗೇ ಆಯಿತು. ಲಿಂಗವಂತನಾದ ನಾನು ಆ ಊಟದಿಂದ ದೂರ ಕೂತು ಕಡ್ಲೆಪುರಿ ತಿಂದೆ.

ಮಧ್ಯಾಹ್ನ ಕಲ್ಲು ನೆಟ್ಟರು. ಎರಡೂ ಪಕ್ಕ ಟೋಪಿ ಮಡಚಿದ ಜಾಕಪ್ಪ, ಚಿರತೆಗಳೊಡನೆ ಹೋರಾಡಿದವರ ಪಕ್ಕದಲ್ಲಿ ನಿಂತ. ಕೆಂಚಪ್ಪಣ್ಣ ಸುಸ್ತಾಗಿ ಬೇವಿಗೆ ಒರಗಿದ್ದ. ಲಕ್ಕಮ್ಮ ನೀರು ತಂದುಕೊಟ್ಟಳು. ಅವನು ಚೊಂಬನ್ನು ಎತ್ತಿ ಗಟಗಟ ಕುಡಿದ. ನೆಲಕ್ಕೆ ಒಂದು ಹನಿ ಚೆಲ್ಲಲಿಲ್ಲ. ಲಕ್ಕಮ್ಮ ಬರಿದಾದ ಚೊಂಬಿನೊಳಗೆ ನೋಡಿದಳು, ಗಂಡನ ಮುಖ ನೋಡಿದಳು, ಜೀವಮಾನದಲ್ಲಿ ಮೊದಲ ಸಲ ಬೈಯಲು ಏನೂ ಸಿಗದೆ ನಿಂತಳು.

ಮುಂದಿನ ಮಳೆಗಾಲಕ್ಕೆ ಮೊದಲೇ ಅವನು ಹೋದ. ಟಗರು ನಮ್ಮ ಬಿಸಿಲಿಗೆ ಒಗ್ಗದೆ, ಯಾರ ಉಣ್ಣೆಯನ್ನೂ ನಯ ಮಾಡದೆ, ಇನ್ನೊಂದು ವರ್ಷಕ್ಕೆ ಸತ್ತಿತು. ಇಲಾಖೆಯ ಉತ್ಸಾಹ ಅಷ್ಟರಲ್ಲಿ ಕೋಳಿಗಳ ಕಡೆ ತಿರುಗಿತ್ತು. ನಾನು ಐ.ಡಿ.ಹಳ್ಳಿಗೆ ವರ್ಗವಾದೆ. ಹೆಣ್ಣು ಕೊಡುವವರೂ ಸಿಕ್ಕರು.

ಇಷ್ಟು ನೆನೆಯುತ್ತ ಇವತ್ತು ಬೆಳಗ್ಗೆ ಹಿತ್ತಿಲಿನಲ್ಲಿ ಮುಖ ತೊಳೆಯುತ್ತಿದ್ದೆ, ಮಗಳ ಮಾತಿಗೆ ಕಟ್ಟುಬಿದ್ದು ಸ್ವೆಟರ್ ಹಾಕಿಕೊಂಡೇ. ಕೆಂಚಪ್ಪಣ್ಣನ ಮೊಮ್ಮಗನ ಹೆಸರು ಫೋನಿನಲ್ಲಿ ಮತ್ತೆ ಮಿನುಗಿತು. “ಡಾಕ್ಟ್ರೇ, ಬರ್ತೀರೋ ಇಲ್ವೋ? ಉಣ್ಣೆ ಕತ್ತರ್ಸೋದೂ ಅವತ್ತೇ ಇಟ್ಕಂಡಿದೀವಿ.”

“ಹೆಂಗೆ ಕತ್ತರಿಸ್ತೀರಪ್ಪ ಈಗ, ಕಾಲು ಕಟ್ಟಿನಾ?”

“ಕಾಲ್ಯಾಕೆ ಕಟ್ಟಾನ? ಕೂರ್ಸಿ ಕತ್ತರ್ಸದು. ಹಟ್ಟಿಯೋರೆಲ್ಲ ಅಂಗೇ. ನಮ್ಮ ಜಾಕಪ್ಪ ಕಲ್ಸಿದ್ದಲ್ವಾ” ಎಂದ. ಜಾಕಪ್ಪ ಬುಕ್ಕಾಪಟ್ಟಣದ ಸಂತೆಯಿಂದ ಈಗಷ್ಟೇ ಮನೆಗೆ ಹೋದ ಎಂಬಂತಿತ್ತು ಆ ದನಿ.

ಫೋನನ್ನು ಕಿವಿಗೊತ್ತಿಕೊಂಡೇ ಒಂದು ಕೈಯಲ್ಲಿ ನೀರೆತ್ತಲು ಹೋಗಿ, ಚೊಂಬು ವಾಲಿ ತಣ್ಣೀರು ಕತ್ತಿನ ಪಟ್ಟಿಯ ಸಂದಿನಲ್ಲಿ ಬೆನ್ನಿಗೆ ಇಳಿಯಿತು. ಕಿವಿಯಿಂದ ಹಿಮ್ಮಡಿಯವರೆಗೆ ಮೈ ಕೊಡವಿದೆ.

“ಬರ್ತೀನಪ್ಪ” ಎಂದೆ.